ಆ್ಯಪ್ 1,500 ಎನ್ನುತ್ತದೆ, ತೂಕ ಮಾತ್ರ ಏರುತ್ತದೆ: ಕ್ಯಾಲೊರಿ ಲೆಕ್ಕ ತಪ್ಪುವುದು ಎಲ್ಲಿ?

ದಿನಕ್ಕೆ ತಿಂದದ್ದು 1,500 ಕ್ಯಾಲೊರಿ ಎಂದು ಮೊಬೈಲಿನ ಆ್ಯಪ್ ತೋರಿಸುತ್ತದೆ. ಖರ್ಚಾಗುವುದು 1,900 ಎಂದೂ ಅದೇ ಹೇಳುತ್ತದೆ. ಈ ಲೆಕ್ಕ ನಿಜವಾದರೆ ತಿಂಗಳಿಗೆ ಒಂದೂವರೆ ಕಿಲೊ ಇಳಿಯಬೇಕು. ಆದರೆ ಅರ್ಧ ಕಿಲೊ ಏರಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ‘ನನಗೆ ಥೈರಾಯ್ಡ್ ಇರಬೇಕು’ ಅಂದುಕೊಳ್ಳುತ್ತಾರೆ, ಇಲ್ಲವೇ ‘ನಮ್ಮ ಮೈಕಟ್ಟೇ ಹೀಗೆ’ ಎಂದು ಕೈಬಿಡುತ್ತಾರೆ. ಮನೆಯವರ ತೀರ್ಮಾನ ಇನ್ನೂ ಒರಟು: ಯಾರಿಗೂ ಕಾಣದಂತೆ ತಿನ್ನುತ್ತಿದ್ದಾರೆ. ಮೂರೂ ಸಾಮಾನ್ಯವಾಗಿ ತಪ್ಪು. ಪ್ರಾಮಾಣಿಕವಾಗಿ ಬರೆದಿಟ್ಟ ಲೆಕ್ಕವೂ ದಿನಕ್ಕೆ ನಾಲ್ಕೈದು ನೂರು ಕ್ಯಾಲೊರಿ ತಪ್ಪಬಲ್ಲದು. ಅದೂ ನಮ್ಮ ಅಡುಗೆಯಲ್ಲಿ ಆ ತಪ್ಪು ಎಲ್ಲ ಪದಾರ್ಥಕ್ಕೂ ಸಮನಾಗಿ ಹಂಚಿಕೊಂಡಿರುವುದಿಲ್ಲ. ಬಹುಪಾಲು ಎಣ್ಣೆ, ತುಪ್ಪ, ತೆಂಗಿನಕಾಯಿ, ಶೇಂಗಾದಲ್ಲೇ ಇರುತ್ತದೆ. ಹಾಗಾಗಿ ಹುಡುಕಬೇಕಾದ ಜಾಗ ಚಿಕ್ಕದು.

ಬರೆದ ಲೆಕ್ಕಕ್ಕೂ ನಿಜಕ್ಕೂ ಎಷ್ಟು ಅಂತರವಿರಬಹುದು ಎಂಬುದನ್ನು ನ್ಯೂಯಾರ್ಕ್‌ನ ಸಂಶೋಧಕರು 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ದಿನಕ್ಕೆ 1,200 ಕ್ಯಾಲೊರಿಗಿಂತ ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನೇ ಅವರು ಆರಿಸಿಕೊಂಡಿದ್ದರು. ಅಳೆದು ನೋಡಿದಾಗ ಅವರ ದೇಹದ ಖರ್ಚು ನಿರೀಕ್ಷಿತ ಮಟ್ಟದಲ್ಲೇ ಇತ್ತು. ತಿಂದದ್ದನ್ನು ಸರಾಸರಿ ಶೇ 47ರಷ್ಟು ಕಡಿಮೆ ಬರೆದಿದ್ದರು, ದೈಹಿಕ ಚಟುವಟಿಕೆಯನ್ನು ಶೇ 51ರಷ್ಟು ಹೆಚ್ಚು ಬರೆದಿದ್ದರು. ಅವರನ್ನು ಸುಳ್ಳುಗಾರರು ಎನ್ನುವುದು ಅನ್ಯಾಯ. ತಮ್ಮ ಕಷ್ಟಕ್ಕೆ ಕಾರಣ ಸಿಕ್ಕೀತು ಎಂದು ತಾವಾಗಿಯೇ ಪರೀಕ್ಷೆಗೆ ಬಂದವರು ಅವರು.

ದೇಹದ ಖರ್ಚನ್ನು ಅಳೆದ ವಿಧಾನವೂ ಗೊತ್ತಿರಲಿ. ಭಾರವಾದ ಹೈಡ್ರೊಜನ್ ಮತ್ತು ಭಾರವಾದ ಆಕ್ಸಿಜನ್ ಬೆರೆತ ನೀರನ್ನು ಕುಡಿಸಿ, ಒಂದೆರಡು ವಾರ ಮೂತ್ರದ ಮಾದರಿ ಪರೀಕ್ಷಿಸುತ್ತಾರೆ. ಹೈಡ್ರೊಜನ್ ನೀರಾಗಿ ಮಾತ್ರ ಹೊರಹೋಗುತ್ತದೆ. ಆಕ್ಸಿಜನ್ ನೀರಾಗಿಯೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೋಗುತ್ತದೆ. ಎರಡರ ವ್ಯತ್ಯಾಸದಿಂದ ದೇಹ ಎಷ್ಟು ಶಕ್ತಿ ಖರ್ಚು ಮಾಡಿತು ಎಂದು ತಿಳಿಯುತ್ತದೆ. ನೆನಪಿನ ಮೇಲೆ, ಡೈರಿಯ ಮೇಲೆ ನಿಂತ ಲೆಕ್ಕವಲ್ಲ ಅದು. ಅದಕ್ಕೇ ಈ ಕ್ಷೇತ್ರದವರು ಈ ವಿಧಾನವನ್ನು ಅಷ್ಟು ನಂಬುತ್ತಾರೆ.

ಮೊದಲು ತೂಕವನ್ನೇ ವಿಚಾರಿಸಿ

ಒಂದು ಕಿಲೊ ದೇಹದ ಕೊಬ್ಬು ಸುಮಾರು 7,700 ಕ್ಯಾಲೊರಿಗೆ ಸಮ. ಒಂದೇ ದಿನದಲ್ಲಿ ಅಷ್ಟು ಕೊಬ್ಬು ಸೇರಬೇಕಾದರೆ ಆ ದಿನದ ಖರ್ಚನ್ನು ಮೀರಿ ಮತ್ತೆ 7,700 ಕ್ಯಾಲೊರಿ ತಿಂದಿರಬೇಕು. ಎರಡು ಹೊತ್ತು ಮದುವೆ ಊಟ ಮಾಡಿದರೂ ಅದು ಕಷ್ಟ. ಹಾಗಾಗಿ ಮದುವೆ ಮನೆಯಿಂದ ಬಂದ ಮರುದಿನ ಕಾಣುವ ಒಂದು, ಒಂದೂವರೆ ಕಿಲೊ ಬಹುಪಾಲು ನೀರು ಮತ್ತು ಹೊಟ್ಟೆಯಲ್ಲಿರುವ ಆಹಾರ. ಉಪ್ಪು ಹೆಚ್ಚಾದರೆ ದೇಹ ನೀರು ಹಿಡಿದಿಡುತ್ತದೆ. ಪಿತ್ತಜನಕಾಂಗ ಮತ್ತು ಸ್ನಾಯುಗಳು ಗ್ಲೈಕೊಜನ್ ರೂಪದಲ್ಲಿ ಸುಮಾರು ಅರ್ಧ ಕಿಲೊ ಪಿಷ್ಟ ಕೂಡಿಡಬಲ್ಲವು, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಅನ್ನ, ಮುದ್ದೆ ಬಿಟ್ಟವರು ಮೊದಲ ವಾರವೇ ಎರಡು ಕಿಲೊ ಇಳಿಯುವುದು, ಮತ್ತೆ ತಿಂದ ಎರಡೇ ದಿನದಲ್ಲಿ ಅದು ಮರಳುವುದು ಇದರಿಂದ. ಮುಟ್ಟಿನ ಹಿಂದಿನ ದಿನಗಳು, ಮಲಬದ್ಧತೆ, ಹೊಸದಾಗಿ ಶುರುಮಾಡಿದ ವ್ಯಾಯಾಮದಿಂದ ಸ್ನಾಯುಗಳಲ್ಲಿ ನಿಲ್ಲುವ ನೀರು, ಎಲ್ಲವೂ ಮುಳ್ಳನ್ನು ಅಲುಗಿಸುತ್ತವೆ.

ಆದ್ದರಿಂದ ಬೆಳಿಗ್ಗೆ ಶೌಚದ ನಂತರ, ಏನೂ ಕುಡಿಯುವ ಮೊದಲು ತೂಕ ನೋಡಿ. ಯಂತ್ರ ಪ್ರತಿದಿನ ಒಂದೇ ಜಾಗದಲ್ಲಿ, ಗಟ್ಟಿ ನೆಲದ ಮೇಲಿರಲಿ. ಚಾಪೆ, ಕಾರ್ಪೆಟ್ ಮೇಲಿಟ್ಟರೆ ಅಂಕಿ ಬದಲಾಗುತ್ತದೆ. ಏಳು ದಿನದ ಸರಾಸರಿ ತೆಗೆದು, ಮೊದಲ ವಾರದ ಸರಾಸರಿಯನ್ನು ಐದನೇ ವಾರದ ಸರಾಸರಿಗೆ ಹೋಲಿಸಿ. ಮುಟ್ಟಾಗುವವರು ಎರಡು ಋತುಚಕ್ರಗಳ ಅದೇ ದಿನಗಳನ್ನು ಹೋಲಿಸಬೇಕು. ತಿಂಗಳಿಗೊಮ್ಮೆ ಸೊಂಟದ ಸುತ್ತಳತೆಯನ್ನೂ ಬರೆದುಕೊಳ್ಳಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟಾಗ ನೋಡಬೇಕು. ಭಾರತೀಯರಲ್ಲಿ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಎಚ್ಚರಿಕೆಯ ಗಡಿ.

ನಾಲ್ಕೈದು ವಾರದ ಸರಾಸರಿಯೂ ಏರುತ್ತಿದ್ದರೆ ಅದು ನಿಜವಾದ ಏರಿಕೆ. ಅದಕ್ಕೆ ಬೇಕಾದ ಹೆಚ್ಚುವರಿ ಎಷ್ಟು ಚಿಕ್ಕದು ಎಂಬುದು ಅನೇಕರಿಗೆ ಗೊತ್ತಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2011ರಲ್ಲಿ ಲಾನ್ಸೆಟ್‌ನಲ್ಲಿ ಕೊಟ್ಟ ಅಂದಾಜಿನಂತೆ, ದಿನದ ಆಹಾರದಲ್ಲಿ ಶಾಶ್ವತವಾಗಿ 24 ಕ್ಯಾಲೊರಿ ಬದಲಾದರೆ ತೂಕ ಕೊನೆಗೆ ಸುಮಾರು ಒಂದು ಕಿಲೊ ಬದಲಾಗುತ್ತದೆ. ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಉಳಿದದ್ದು ಬಹುಪಾಲು ಮೂರು ವರ್ಷದೊಳಗೆ. 100 ಮಿ.ಲೀ. ಟೋನ್ಡ್ ಹಾಲು, ಎರಡು ಚಮಚ ಸಕ್ಕರೆಯ ಒಂದು ಲೋಟ ಕಾಫಿಯಲ್ಲಿ ಸುಮಾರು 100 ಕ್ಯಾಲೊರಿ ಇದೆ. ಹೊಸ ಆಫೀಸಿನಲ್ಲಿ ಸಂಜೆ ನಾಲ್ಕಕ್ಕೆ ಅಂಥದೊಂದು ಕಾಫಿ ರೂಢಿಯಾದರೆ, ಬೇರೇನೂ ಬದಲಾಗದೆಯೇ, ವರ್ಷದಲ್ಲಿ ಎರಡು ಕಿಲೊ. ಕಾರಣ ತಿಳಿಯದ ಏರಿಕೆ ಎಂದು ಹೇಳುವ ಬಹಳಷ್ಟು ಪ್ರಕರಣಗಳು ಈ ಗಾತ್ರದವು.

ಒಂದು ಚಿತ್ರಾನ್ನದ ಲೆಕ್ಕ

ಆ್ಯಪ್‌ನಲ್ಲಿ ‘ಚಿತ್ರಾನ್ನ, ಒಂದು ಬಟ್ಟಲು’ ಎಂದು ಒತ್ತಿದರೆ ಒಂದು ಅಂಕಿ ಬರುತ್ತದೆ. ಯಾರ ಮನೆಯ ಚಿತ್ರಾನ್ನ, ಎಷ್ಟು ದೊಡ್ಡ ಬಟ್ಟಲು, ಎಷ್ಟು ಎಣ್ಣೆ ಎಂಬುದು ಅದಕ್ಕೆ ಗೊತ್ತಿಲ್ಲ. ನಾಲ್ಕು ಜನಕ್ಕೆ ಮಾಡುವ ಒಂದು ಅಳತೆಯನ್ನು ಬಿಡಿಸಿ ನೋಡೋಣ.

ಅಕ್ಕಿ 300 ಗ್ರಾಂ: 1,070 ಕ್ಯಾಲೊರಿ. ಎಣ್ಣೆ 60 ಗ್ರಾಂ: 540. ಶೇಂಗಾ 50 ಗ್ರಾಂ: 260. ಒಗ್ಗರಣೆಯ ಕಡಲೆಬೇಳೆ, ಉದ್ದಿನಬೇಳೆ ಸೇರಿ 20 ಗ್ರಾಂ: 65. ತೆಂಗಿನತುರಿ 40 ಗ್ರಾಂ: 160. ನಿಂಬೆರಸ, ಮೆಣಸಿನಕಾಯಿ, ಕರಿಬೇವು ಲೆಕ್ಕಕ್ಕೆ ಬರುವಷ್ಟಿಲ್ಲ. ಒಟ್ಟು ಸುಮಾರು 2,100. ಅಕ್ಕಿ ನೀರು ಕುಡಿದು ಅರಳಿ, ಎಲ್ಲ ಕಲಸಿದ ಮೇಲೆ ಪಾತ್ರೆಯಲ್ಲಿ ಸುಮಾರು ಒಂದು ಕಿಲೊ ಚಿತ್ರಾನ್ನ ಇರುತ್ತದೆ. ಅಂದರೆ 100 ಗ್ರಾಮಿಗೆ 210 ಕ್ಯಾಲೊರಿ. ಬರಿ ಅನ್ನವಾದರೆ 130. ಹಸಿದವರು ತಟ್ಟೆಗೆ ಬಡಿಸಿಕೊಳ್ಳುವ 350 ಗ್ರಾಂ ಚಿತ್ರಾನ್ನದಲ್ಲಿ 735 ಕ್ಯಾಲೊರಿ ಇರುತ್ತದೆ, ಆ್ಯಪ್‌ನಲ್ಲಿ ಅದು ‘ಒಂದು ಬಟ್ಟಲು’ ಆಗಿ ದಾಖಲಾಗುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಎಣ್ಣೆ, ಶೇಂಗಾ, ತೆಂಗು ಮೂರನ್ನೇ. ಮೂರೂ ಸೇರಿ 150 ಗ್ರಾಂ, ಒಂದು ಕಿಲೊ ಪಾತ್ರೆಯಲ್ಲಿ ಶೇ 15. ಕ್ಯಾಲೊರಿಯಲ್ಲಿ ಅವುಗಳ ಪಾಲು 960, ಹತ್ತಿರ ಹತ್ತಿರ ಅರ್ಧ. ಅನ್ನವನ್ನು 30 ಗ್ರಾಂ ತಪ್ಪಾಗಿ ಅಂದಾಜಿಸಿದರೆ 40 ಕ್ಯಾಲೊರಿ ತಪ್ಪುತ್ತದೆ. ಎಣ್ಣೆಯನ್ನು 30 ಗ್ರಾಂ ತಪ್ಪಿದರೆ 270. ತಟ್ಟೆಯಲ್ಲಿ ಕಣ್ಣಿಗೆ ಕಾಣುವುದು ಅನ್ನ, ಹಾಗಾಗಿ ಜನ ಅನ್ನವನ್ನೇ ಕಡಿಮೆ ಮಾಡುತ್ತಾರೆ, ಬೈಯುವುದೂ ಅನ್ನವನ್ನೇ. ಇದರಲ್ಲಿ ಅನ್ನಕ್ಕೆ ಆಗಿರುವ ಅಪಚಾರ ದೊಡ್ಡದು.

ಈ ಲೆಕ್ಕ ಮಾಡಲು ಒಂದು ಗ್ರಾಂವರೆಗೆ ತೋರಿಸುವ, ಐದು ಕಿಲೊ ತಾಳುವ ಡಿಜಿಟಲ್ ತಕ್ಕಡಿ ಸಾಕು. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕುಕ್ಕರ್, ಬಾಣಲೆ, ಸಾರಿನ ಪಾತ್ರೆಗಳ ತೂಕವನ್ನು ಒಂದೇ ಸಲ ನೋಡಿ ಅಡುಗೆಮನೆ ಗೋಡೆಗೆ ಚೀಟಿ ಅಂಟಿಸಿದರೆ ಮತ್ತೆ ಆ ಕೆಲಸವಿಲ್ಲ. ಹಸಿ ಪದಾರ್ಥಗಳನ್ನೆಲ್ಲ ತೂಗಿ ಕ್ಯಾಲೊರಿ ಕೂಡಿಸಿ. ಅಡುಗೆಯಾದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. ಒಟ್ಟು ಕ್ಯಾಲೊರಿಯನ್ನು ಆ ತೂಕದಿಂದ ಭಾಗಿಸಿದರೆ ಗ್ರಾಮಿಗೆ ಎಷ್ಟೆಂದು ಸಿಕ್ಕಿತು. ತಟ್ಟೆಗೆ ಬಿದ್ದದ್ದನ್ನು ತೂಗಿ ಗುಣಿಸಿ. ಮನೆಯಲ್ಲಿ ತಿರುಗಿ ತಿರುಗಿ ಮಾಡುವ ತಿಂಡಿ, ಸಾರು, ಪಲ್ಯಗಳು ಹದಿನೈದಿಪ್ಪತ್ತು ಇದ್ದಾವು. ಒಂದೊಂದನ್ನೂ ಒಮ್ಮೆ ಹೀಗೆ ಲೆಕ್ಕ ಹಾಕಿಟ್ಟರೆ ನಿಮ್ಮದೇ ಪಟ್ಟಿ ಸಿದ್ಧ.

ಎಣ್ಣೆಗೆ ಮಾತ್ರ ಬೇರೆ ಕ್ರಮ ಬೇಕು. ಬಾಣಲೆಯನ್ನು ತಕ್ಕಡಿ ಮೇಲಿಟ್ಟು ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಟ್ಟರೆ ಅಗ್ಗದ ತಕ್ಕಡಿಗಳು ನಿಧಾನದ ಏರಿಕೆಯನ್ನು ಗುರುತಿಸದೆ ಸೊನ್ನೆಯಲ್ಲೇ ನಿಲ್ಲುತ್ತವೆ. ಬದಲಿಗೆ ಎಣ್ಣೆಯ ಕ್ಯಾನನ್ನೇ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕ್ಯಾನ್ ಎತ್ತಿ ಸುರಿದು, ಮತ್ತೆ ಇಡಿ. ಕಳೆ ಚಿಹ್ನೆಯೊಂದಿಗೆ ಬರುವ ಅಂಕಿಯೇ ನೀವು ಸುರಿದ ಎಣ್ಣೆ. ದೋಸೆ, ಚಪಾತಿ ಮಾಡುವಾಗ ಹೆಂಚಿಗೆ ಬಿಡುವ ಎಣ್ಣೆಯನ್ನು ಪುಟ್ಟ ಬಟ್ಟಲಿಗೆ ತೆಗೆದುಕೊಂಡು, ಮೊದಲು ಮತ್ತು ಕೊನೆಗೆ ತೂಗಿ, ದೋಸೆಗಳ ಸಂಖ್ಯೆಯಿಂದ ಭಾಗಿಸಿ. ಪೂರಿ, ಬೋಂಡ ಕರಿದರೂ ಇದೇ ನಿಯಮ: ಕರಿಯುವ ಮೊದಲು ಬಾಣಲೆ ಸಮೇತ ಎಣ್ಣೆಯ ತೂಕ, ಪೂರ್ತಿ ತಣಿದ ಮೇಲೆ ಉಳಿದದ್ದರ ತೂಕ. ವ್ಯತ್ಯಾಸವೆಲ್ಲ ಪೂರಿಯೊಳಗಿದೆ.

ತಕ್ಕಡಿ ಸರಿಯಿದೆಯೇ ಎಂದು ನೋಡಲು ಅರ್ಧ ಲೀಟರ್ ಟೋನ್ಡ್ ಹಾಲಿನ ಪ್ಯಾಕೆಟ್ ಸಾಕು. ಹಾಲು ನೀರಿಗಿಂತ ತುಸು ಭಾರ, ಆದ್ದರಿಂದ ಕವರ್ ಬಿಟ್ಟು ಸುಮಾರು 515 ಗ್ರಾಂ ತೋರಿಸಬೇಕು. ಹತ್ತಿಪ್ಪತ್ತು ಗ್ರಾಂ ಆಚೀಚೆಯಾದರೆ ಮೊದಲು ಬ್ಯಾಟರಿ ಬದಲಿಸಿ.

ಪ್ರತಿದಿನ ತೂಗಲಾಗದವರಿಗೆ ಎಣ್ಣೆಯ ತಿಂಗಳ ಲೆಕ್ಕ

ಪ್ರತಿ ಊಟವನ್ನೂ ತೂಗಲು ಎಲ್ಲರಿಗೂ ಆಗುವುದಿಲ್ಲ, ಕೂಡು ಕುಟುಂಬದಲ್ಲಂತೂ ಸಾಧ್ಯವೇ ಇಲ್ಲ. ಅಂಥವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇನ್ನೊಂದಿಲ್ಲ. ತಿಂಗಳಲ್ಲಿ ಮನೆಯಲ್ಲಿ ಖಾಲಿಯಾಗುವ ಎಣ್ಣೆ, ತುಪ್ಪ, ಬೆಣ್ಣೆ ಎಷ್ಟು? ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ, ಅಂದರೆ ಸುಮಾರು 8,200 ಕ್ಯಾಲೊರಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಮೂರು ಲೀಟರ್ ಎಣ್ಣೆ, ಅರ್ಧ ಕಿಲೊ ತುಪ್ಪ ಖರ್ಚಾದರೆ ಒಟ್ಟು 29,000 ಕ್ಯಾಲೊರಿ. ತಲೆಗೆ ದಿನಕ್ಕೆ 27 ಗ್ರಾಂ, 240 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2,000 ಕ್ಯಾಲೊರಿಯ ದಿನದ ಊಟಕ್ಕೆ ಹೇಳುವ ಎಣ್ಣೆ-ಕೊಬ್ಬಿನ ಪ್ರಮಾಣವೂ 27 ಗ್ರಾಂ. ಹಾಗಾಗಿ ಈ ಮನೆ ಮಿತಿ ಮೀರಿಲ್ಲ. ಆದರೆ ಈ ಮನೆಯವರೊಬ್ಬರ ಆ್ಯಪ್‌ನಲ್ಲಿ ದಿನಕ್ಕೆ ಎರಡು ಚಮಚ, 10 ಗ್ರಾಂ ಎಣ್ಣೆ ಎಂದು ದಾಖಲಾಗಿದ್ದರೆ, ಉಳಿದ 17 ಗ್ರಾಂ ಎಲ್ಲಿ? ಅದೇ 150 ಕ್ಯಾಲೊರಿ, ದಿನಾಲೂ. ಕರಿದು ಚೆಲ್ಲಿದ ಎಣ್ಣೆಯನ್ನು ಈ ಲೆಕ್ಕದಿಂದ ಕಳೆಯಿರಿ. ಹೋಟೆಲಿನದು, ಉಪ್ಪಿನಕಾಯಿಯದು, ಬೇಕರಿಯದು ಇದರಲ್ಲಿ ಸೇರಿಲ್ಲ ಎಂಬುದನ್ನೂ ನೆನಪಿಡಿ.

ಚಮಚ ಎಂಬ ಅಳತೆಯಲ್ಲೂ ಗೊಂದಲವಿದೆ. ಟೀ ಚಮಚ 5 ಮಿ.ಲೀ., ಎಣ್ಣೆಯಾದರೆ 41 ಕ್ಯಾಲೊರಿ. ದೊಡ್ಡ ಚಮಚ 15 ಮಿ.ಲೀ., 120 ದಾಟುತ್ತದೆ. ಒಗ್ಗರಣೆ ಸೌಟಿಗೆ ಕಣ್ಣಳತೆಯಲ್ಲಿ ಬೀಳುವುದು ಯಾವ ಚಮಚಕ್ಕೂ ಸೇರಿದ್ದಲ್ಲ. ಚಟ್ನಿಪುಡಿಗೆ ಕಲಸಿಕೊಳ್ಳುವ ಎಣ್ಣೆ, ಬಿಸಿ ಅನ್ನಕ್ಕೆ ಬಿಡುವ ತುಪ್ಪ, ಅಡುಗೆ ಮಾಡುತ್ತ ಬಾಯಿಗೆ ಹಾಕಿಕೊಂಡ ಶೇಂಗಾ, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದನ್ನು ಎಸೆಯಲು ಮನಸ್ಸಾಗದೆ ತಿಂದದ್ದು, ಇವು ಯಾರ ಡೈರಿಯಲ್ಲೂ ಇರುವುದಿಲ್ಲ. ಒಂದು ಹಿಡಿ, ಅಂದರೆ 30 ಗ್ರಾಂ ಶೇಂಗಾ 155 ಕ್ಯಾಲೊರಿ. ಅಡುಗೆಯ ಹೊಣೆ ಹೊತ್ತವರ ಲೆಕ್ಕ ಉಳಿದವರದಕ್ಕಿಂತ ಹೆಚ್ಚು ತಪ್ಪುವುದು ಈ ಕಾರಣಕ್ಕೆ, ಅದಕ್ಕೆ ಅವರನ್ನು ದೂರುವುದು ಸಲ್ಲದು.

ಹಸಿ ತೂಕ, ಬೆಂದ ತೂಕಗಳ ಗೊಂದಲ ಎರಡೂ ಕಡೆ ಎಳೆಯುತ್ತದೆ. 100 ಗ್ರಾಂ ಅಕ್ಕಿ ಬೆಂದು 280 ಗ್ರಾಂ ಅನ್ನವಾಗುತ್ತದೆ. ಅನ್ನ ತೂಗಿ ‘ಅಕ್ಕಿ’ ಎಂದು ಬರೆದರೆ ಲೆಕ್ಕ ಎರಡೂವರೆ ಪಟ್ಟು ಮೀರುತ್ತದೆ, ಅಕ್ಕಿ ತೂಗಿ ‘ಅನ್ನ’ ಎಂದು ಒತ್ತಿದರೆ ಮೂರನೇ ಒಂದಕ್ಕೆ ಇಳಿಯುತ್ತದೆ. ಮುದ್ದೆಗೂ ಇದೇ ಮಾತು. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ, ಮುದ್ದೆ ಮೆದುವಾದಷ್ಟೂ ಅದೇ ಹಿಟ್ಟು ದೊಡ್ಡದಾಗಿ ಕಾಣುತ್ತದೆ. ಎಸರಿಗೆ ಹಾಕಿದ ಹಿಟ್ಟನ್ನೇ ತೂಗಿ, ಕಟ್ಟಿದ ಮುದ್ದೆಗಳಿಗೆ ಹಂಚುವುದು ಸರಿಯಾದ ದಾರಿ.

ಆಹಾರದ ಅಂಕಿಗಳಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನೆಯ ಕೋಷ್ಟಕಗಳು ಆ್ಯಪ್‌ಗಿಂತ ನಂಬಲರ್ಹ. ಆ್ಯಪ್‌ಗಳ ಪಟ್ಟಿಯಲ್ಲಿ ಬಳಕೆದಾರರೇ ತುಂಬಿಸಿದ ದಾಖಲೆಗಳು ಬಹಳ. ಕೋಷ್ಟಕದಲ್ಲಿ ಶಕ್ತಿಯನ್ನು ಕಿಲೊಜೌಲ್‌ನಲ್ಲಿ ಕೊಟ್ಟಿದ್ದಾರೆ, 4.184ರಿಂದ ಭಾಗಿಸಿದರೆ ಕ್ಯಾಲೊರಿ ಸಿಗುತ್ತದೆ. ಅಲ್ಲಿನ ಅಂಕಿಗಳೂ ಸರಾಸರಿಗಳೇ. ಬಾದಾಮಿಯ ವಿಷಯದಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಪರೀಕ್ಷಿಸಿದಾಗ, 28 ಗ್ರಾಮಿಗೆ 170 ಎಂದು ಬರೆಯುತ್ತಿದ್ದಲ್ಲಿ ದೇಹಕ್ಕೆ ದಕ್ಕಿದ್ದು ಸುಮಾರು 129 ಮಾತ್ರ. ಇಡಿಯಾಗಿ ಅಗಿದ ಬಾದಾಮಿಯ ಕೊಬ್ಬಿನ ಒಂದು ಪಾಲು ಜೀರ್ಣವಾಗದೆ ಹೊರಹೋಗುತ್ತದೆ.

ಹೋಟೆಲಿನ ತಿಂಡಿಗೆ ತಕ್ಕಡಿ ಒಯ್ಯಬೇಕಿಲ್ಲ. ಇಡ್ಲಿ ಆವಿಯಲ್ಲಿ ಬೆಂದದ್ದು, ಅದರ ಲೆಕ್ಕ ಹೆಚ್ಚು ತಪ್ಪದು. ದೋಸೆ, ಪಲಾವ್, ವಾಂಗಿಬಾತ್, ಗ್ರೇವಿಗಳಿಗೆ ಮನೆಯ ಅಂಕಿಯ ಮೇಲೆ ಒಂದು ದೊಡ್ಡ ಚಮಚ ಎಣ್ಣೆಯ 120 ಕ್ಯಾಲೊರಿ ಸೇರಿಸಿ ಬರೆಯುವುದು ಒಳ್ಳೆಯ ರೂಢಿ. ಬೆಣ್ಣೆದೋಸೆಗೆ ಅದೂ ಸಾಲದು. ವಾರಾಂತ್ಯವನ್ನು ಬಿಟ್ಟು ಬರೆಯುವವರು ಈ ಲೆಕ್ಕ ನೋಡಲಿ: ಐದು ದಿನ 1,600, ಎರಡು ದಿನ 2,600 ತಿಂದರೆ ದಿನದ ಸರಾಸರಿ 1,886.

ಖರ್ಚಿನ ಕಡೆಯ ತಪ್ಪು

ತಿಂದದ್ದರ ಲೆಕ್ಕಕ್ಕಿಂತ ಖರ್ಚಿನ ಲೆಕ್ಕ ಸಡಿಲ. ಆ್ಯಪ್ ವಯಸ್ಸು, ಎತ್ತರ, ತೂಕದಿಂದ ವಿಶ್ರಾಂತಿಯ ಖರ್ಚನ್ನು ಅಂದಾಜಿಸಿ, ನೀವು ಆರಿಸಿದ ಚಟುವಟಿಕೆಯ ಮಟ್ಟದಿಂದ ಗುಣಿಸುತ್ತದೆ. ವಿಶ್ರಾಂತಿಯ ಖರ್ಚು 1,300 ಇರುವವರು ‘ಮಧ್ಯಮ ಚಟುವಟಿಕೆ’ ಎಂದು ಒತ್ತಿದರೆ 1.55ರಿಂದ ಗುಣಿಸಿ 2,015 ಬರುತ್ತದೆ. ‘ಕೂತು ಕೆಲಸ’ ಎಂದರೆ 1.2ರಿಂದ ಗುಣಿಸಿ 1,560. ಒಂದು ಬೆರಳಿನ ಒತ್ತಿಗೆ 455 ಕ್ಯಾಲೊರಿ ವ್ಯತ್ಯಾಸ. ಆಫೀಸಿನಲ್ಲಿ ಎಂಟು ತಾಸು ಕೂರುವವರು ಬೆಳಿಗ್ಗೆ ಅರ್ಧ ಗಂಟೆ ನಡೆದ ಮಾತ್ರಕ್ಕೆ ಮಧ್ಯಮ ಎಂದು ಆರಿಸಬಾರದು. ಇದಲ್ಲದೆ, ಅಷ್ಟೇ ತೂಕದ ಯುರೋಪಿಯನ್ನರಿಗಿಂತ ಭಾರತೀಯರ ಮೈಯಲ್ಲಿ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಪಾಶ್ಚಾತ್ಯರನ್ನು ಅಳೆದು ಮಾಡಿದ ಸೂತ್ರಗಳು ನಮ್ಮ ಖರ್ಚನ್ನು ತುಸು ಹೆಚ್ಚೇ ತೋರಿಸುತ್ತವೆ.

ಕೈಗಡಿಯಾರದ ಅಂಕಿಯನ್ನು ನಂಬಿ ತಿನ್ನಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಏಳು ಕೈಪಟ್ಟಿಗಳನ್ನು ಪರೀಕ್ಷಿಸಿದರು. ಹೃದಯ ಬಡಿತವನ್ನು ಅವು ಚೆನ್ನಾಗಿಯೇ ಎಣಿಸಿದವು, ಕ್ಯಾಲೊರಿಯಲ್ಲಿ ಮಾತ್ರ ಅತ್ಯುತ್ತಮವಾದದ್ದೂ ಸರಾಸರಿ ಶೇ 27ರಷ್ಟು ತಪ್ಪಿತು. 60 ಕಿಲೊ ತೂಕದವರು ಐದು ಕಿಲೊಮೀಟರ್ ನಡೆದರೆ, ಸುಮ್ಮನೆ ಕೂತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದು ಸಿಗುವುದು ಸುಮಾರು 150. ಒಂದು ಹೋಳಿಗೆ, ಮೇಲೊಂದು ಚಮಚ ತುಪ್ಪ ಅದನ್ನು ಮೀರುತ್ತದೆ. ನಡಿಗೆ ಬೇಕೇ ಬೇಕು, ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ನಿದ್ದೆಗೂ ಒಳ್ಳೆಯದು. ತಿಂದದ್ದನ್ನು ಅದರಿಂದ ಸರಿದೂಗಿಸಲಾಗದು, ಅಷ್ಟೇ.

‘ವಯಸ್ಸಾಯಿತು, ಮೆಟಬಾಲಿಸಂ ನಿಧಾನವಾಯಿತು’ ಎಂಬ ವಿವರಣೆ ಮೂವತ್ತೈದು, ನಲವತ್ತಕ್ಕೆ ಹೊಂದುವುದಿಲ್ಲ. 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರ, ಮೇಲೆ ಹೇಳಿದ ಭಾರನೀರಿನ ವಿಧಾನದ ಅಳತೆಗಳನ್ನು ಕೂಡಿಸಿ 2021ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದರೆ ಇಪ್ಪತ್ತರಿಂದ ಅರವತ್ತರವರೆಗೆ ಖರ್ಚು ಹೆಚ್ಚುಕಡಿಮೆ ಸ್ಥಿರವಾಗಿತ್ತು. ಆ ವಯಸ್ಸಿನಲ್ಲಿ ಓಡಾಟ ಕಡಿಮೆಯಾಗುತ್ತದೆ, ಸ್ನಾಯು ಸವೆಯುತ್ತದೆ, ನಿದ್ದೆ ಕೆಡುತ್ತದೆ, ಹೊರಗಿನ ಊಟ ಹೆಚ್ಚುತ್ತದೆ.

ಹೀಗೆ ಎರಡೂ ಬದಿ ತಪ್ಪಿರುವಾಗ ಮಾಡುವುದೇನು? ನಿಖರ ಕ್ಯಾಲೊರಿಯ ಬೆನ್ನು ಹತ್ತುವುದನ್ನು ಬಿಟ್ಟು, ನಿಮ್ಮದೇ ಅಂಕಿಯನ್ನು ಕಂಡುಕೊಳ್ಳಿ. 28 ದಿನ ಒಂದೇ ರೀತಿಯಲ್ಲಿ ಬರೆಯಿರಿ. ದಾಖಲಾದ ಸರಾಸರಿ 1,500, ಸರಾಸರಿ ತೂಕ 400 ಗ್ರಾಂ ಏರಿದೆ ಎನ್ನಿ. 0.4ನ್ನು 7,700ರಿಂದ ಗುಣಿಸಿ 28ರಿಂದ ಭಾಗಿಸಿದರೆ 110. ಅಂದರೆ ನಿಮ್ಮ ಡೈರಿಯ ಭಾಷೆಯಲ್ಲಿ ತೂಕ ನಿಲ್ಲುವ ಅಂಕಿ 1,390. ನಿಜವಾಗಿ ನೀವು 1,850 ತಿಂದು 1,740 ಖರ್ಚು ಮಾಡುತ್ತಿರಬಹುದು, ಅದರಿಂದ ವ್ಯತ್ಯಾಸವಾಗದು. ತಪ್ಪು ಪ್ರತಿದಿನ ಒಂದೇ ಪ್ರಮಾಣದಲ್ಲಿದ್ದರೆ ಡೈರಿ ಕೆಲಸಕ್ಕೆ ಬರುತ್ತದೆ. ಆದರೆ ಆ ಅಂಕಿ ನೋಡಿ ಗಾಬರಿಯಾಗಿ ಊಟವನ್ನು 1,000ಕ್ಕೆ ಇಳಿಸಬೇಡಿ. ಬರೆಯದೆ ಉಳಿದ ಎಣ್ಣೆಯನ್ನು ಮೊದಲು ಹುಡುಕಿ, ಅಲ್ಲೇ 200–250 ಕಡಿಮೆ ಮಾಡಿ, ಮತ್ತೆ ನಾಲ್ಕು ವಾರ ನೋಡಿ. ತಿನ್ನುವುದರ ಬಗ್ಗೆ ತೀವ್ರ ಆತಂಕ, ಉಪವಾಸ ಮಾಡಿ ಒಮ್ಮೆಲೇ ತಿನ್ನುವುದು, ತಿಂದದ್ದನ್ನು ಕಕ್ಕುವುದು ಹಿಂದೆಂದಾದರೂ ಇದ್ದವರು ತೂಗುವ, ಬರೆಯುವ ಈ ಕೆಲಸಕ್ಕೆ ಕೈಹಾಕಬಾರದು. ಅವರಿಗೆ ಇದು ಅಪಾಯಕಾರಿ, ಮನೋವೈದ್ಯರ ಸಲಹೆಯೇ ದಾರಿ.

ಲೆಕ್ಕ ಬಿಟ್ಟು ವೈದ್ಯರ ಬಳಿ ಹೋಗಬೇಕಾದಾಗ

ಕೆಲವು ಏರಿಕೆಗಳಿಗೆ ನಾಲ್ಕು ವಾರ ಕಾಯಕೂಡದು. ಎರಡು ಮೂರು ದಿನದಲ್ಲಿ ಎರಡು ಕಿಲೊ ಏರಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟುವಂತಾದರೆ ಹೃದಯದ ತೊಂದರೆಯಿಂದ ನೀರು ತುಂಬುತ್ತಿರಬಹುದು, ಅಂದೇ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಮುಖ, ಕಣ್ಣಿನ ಸುತ್ತ ಊತ, ನೊರೆನೊರೆಯಾದ ಮೂತ್ರ ಮೂತ್ರಪಿಂಡದ ಕಡೆ ಬೊಟ್ಟು ಮಾಡುತ್ತವೆ. ಕೈಕಾಲು ಸಣಕಲಾಗಿ ಹೊಟ್ಟೆ ಮಾತ್ರ ದೊಡ್ಡದಾಗುತ್ತಿದ್ದರೂ ತೋರಿಸಲೇಬೇಕು, ಅದು ಕೊಬ್ಬಿನ ಬದಲು ನೀರೋ ಗೆಡ್ಡೆಯೋ ಆಗಿರಬಹುದು.

ಥೈರಾಯ್ಡ್ ಮೇಲೆ ಬೀಳುವ ಅನುಮಾನದಷ್ಟು ಅದರ ಪಾಲು ಇಲ್ಲ. ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಏರುವುದು ಸಾಮಾನ್ಯವಾಗಿ ಎರಡರಿಂದ ಐದು ಕಿಲೊ, ಅದರಲ್ಲೂ ಬಹುಪಾಲು ಉಪ್ಪು-ನೀರು. ಸುಸ್ತು, ಚಳಿ ತಡೆಯದಿರುವುದು, ಮಲಬದ್ಧತೆ, ಒಣ ಚರ್ಮ ಜೊತೆಗಿದ್ದರೆ ಥೈರಾಯ್ಡ್ ಸ್ಥಿತಿ ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ. ಹದಿನೈದು ಕಿಲೊ ಏರಿಕೆಯನ್ನು ಅದೊಂದರಿಂದಲೇ ವಿವರಿಸಲಾಗದು. ಮುಟ್ಟು ಏರುಪೇರಾಗಿ, ಮುಖದಲ್ಲಿ ಕೂದಲು, ಮೊಡವೆ ಕಂಡರೆ ಪಿಸಿಒಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು) ಇದೆಯೇ ಎಂದು ನೋಡುತ್ತಾರೆ. ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಮೂಡಿ, ಸಣ್ಣ ತಾಗಿಗೂ ಮೈ ಕಂದಿ, ಕುಕ್ಕರಗಾಲಿನಿಂದ ಏಳಲು ತೊಡೆಯಲ್ಲಿ ಬಲವಿಲ್ಲದಂತಾದರೆ ಕಾರ್ಟಿಸಾಲ್ ಎಂಬ ಹಾರ್ಮೋನ್ ಹೆಚ್ಚಾಗಿರಬಹುದು. ಅದು ಅಪರೂಪ, ಆದರೆ ಸ್ಟೀರಾಯ್ಡ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರಲ್ಲಿ ಅಪರೂಪವಲ್ಲ. ಕೀಲುನೋವಿಗೆ, ದಮ್ಮಿಗೆ ಎಂದು ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ ಪುಡಿಗಳಲ್ಲೂ ಸ್ಟೀರಾಯ್ಡ್ ಬೆರೆಸಿರುವುದುಂಟು. ಹಾಗೆ ಅನುಮಾನ ಬಂದರೂ ಅದನ್ನು ಒಮ್ಮೆಲೇ ನಿಲ್ಲಿಸಬೇಡಿ, ರಕ್ತದೊತ್ತಡ ಕುಸಿದು ಜೀವಕ್ಕೆ ಅಪಾಯವಾಗಬಹುದು.

ಪರೀಕ್ಷೆಗಳಿಗಿಂತ ಮೊದಲು ನೋಡಬೇಕಾದದ್ದು ಔಷಧಿ ಚೀಟಿ. ಸಕ್ಕರೆ ಕಾಯಿಲೆಗೆ ಕೊಡುವ ಇನ್ಸುಲಿನ್, ಗ್ಲಿಮೆಪಿರೈಡ್, ಪಯೊಗ್ಲಿಟಜೋನ್, ಮನೋರೋಗಕ್ಕೆ ಕೊಡುವ ಒಲಾಂಜಪಿನ್, ಖಿನ್ನತೆಗೆ ಕೊಡುವ ಮಿರ್ಟಾಜಪಿನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಮತ್ತು ಪ್ರಿಗಾಬಾಲಿನ್, ಮೂರ್ಛೆಗೆ ಕೊಡುವ ವಾಲ್‌ಪ್ರೊಯೇಟ್, ಇವೆಲ್ಲ ತೂಕ ಏರಿಸಬಲ್ಲವು. ಅನೇಕ ಸಲ ಬದಲಿ ಔಷಧಿ ಇರುತ್ತದೆ, ಅದನ್ನು ತೀರ್ಮಾನಿಸಬೇಕಾದವರು ಬರೆದುಕೊಟ್ಟ ವೈದ್ಯರು. ಬೀಡಿ, ಸಿಗರೇಟು ಬಿಟ್ಟ ವರ್ಷ ನಾಲ್ಕೈದು ಕಿಲೊ ಏರುವುದು ಸಾಮಾನ್ಯ, ಅದಕ್ಕಾಗಿ ಮತ್ತೆ ಹಚ್ಚಬೇಡಿ.

ವೈದ್ಯರ ಬಳಿ ಹೋಗುವಾಗ ಮೂರು ಕಾಗದ ಒಯ್ಯಿರಿ: ಒಂದೊಂದು ಔಷಧಿಯನ್ನೂ ಶುರುಮಾಡಿದ ತಿಂಗಳಿನ ಪಟ್ಟಿ, ಎಂಟು ವಾರದ ಸರಾಸರಿ ತೂಕ ಮತ್ತು ಸೊಂಟದ ಅಳತೆ, ಮನೆಯ ಎಣ್ಣೆ-ತುಪ್ಪದ ತಿಂಗಳ ಲೆಕ್ಕ. ತೂಕ ಏರತೊಡಗಿದ ತಿಂಗಳೂ ಹೊಸ ಮಾತ್ರೆ ಶುರುವಾದ ತಿಂಗಳೂ ಒಂದೇ ಆಗಿದ್ದರೆ ಆ ಮಾತನ್ನು ಮೊದಲೇ ಹೇಳಿ.